ವೈನ್ ಬಾಟಲಿಗೆ ರಾಜಾಜಿನಗರದ ಬಿರಡೆ

ನಗುವಂಥ ಸಂಗತಿಗಳು ಬೇರೆಯವರನ್ನು ಅಪರೂಪಕ್ಕೊಮ್ಮೆ ಹುಡುಕಿಕೊಂಡು ಬರಬಹುದು. ನಾನು ಕೆಲಸಕ್ಕಿದ್ದ ಮುಚ್ಚಳದ ಕಾರ್ಖಾನೆಗೆ ಮಾತ್ರ ಅವು ದಿನಾ ಬಂದು ಹಾಜರಿ ಹಾಕುತ್ತಿದ್ದವು, ಕೆಲವು ದಿನ ಓವರ್‌ಟೈಮ್ ಕೂಡ ಮಾಡುತ್ತಿದ್ದವು.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ತಗಡಿನ ಸೂರಿನ ಒಂದು ಶೆಡ್ಡು. ಒಳಗೆ ಕೈಯಿಂದ ಹಿಡಿ ಎಳೆದು ಒತ್ತುವ ಎರಡು ಮೋಲ್ಡಿಂಗ್ ಮೆಷಿನ್ನು, ಒಂದು ಲೇತು, ನಾವು ಒಂಬತ್ತು ಜನ. ತಲೆಗೆ ಹಚ್ಚುವ ಎಣ್ಣೆ, ಕೆಮ್ಮಿನ ಔಷಧಿ, ಶಾಯಿ, ಹೀಗೆ ಬಾಟಲಿ ಯಾವುದೇ ಇರಲಿ, ಅದರ ತಲೆಯ ಮೇಲೆ ಕೂರುವ ಪ್ಲಾಸ್ಟಿಕ್ ಮುಚ್ಚಳ ನಮ್ಮದು.

ಯಜಮಾನರು ದಾವಣಗೆರೆ ಕಡೆಯವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಏಲಕ್ಕಿ. ಬೆಳಗಿನ ಪೂಜೆ ಮುಗಿಯದೆ ಒಂದು ಗುಟುಕು ಕಾಫಿ ಕೂಡ ಕುಡಿಯದ ಮನುಷ್ಯ. ಬಲು ಒಳ್ಳೆಯವರು, ಆದರೆ ನಗುವುದನ್ನು ಮಾತ್ರ ಎಲ್ಲೋ ಹರಕೆ ಹೊತ್ತು ಬಿಟ್ಟವರಂತೆ ಇದ್ದರು. ಇಂಥವರ ಬಾಗಿಲಿಗೆ ಒಂದು ದಿನ ವೈನ್ ಕಾರ್ಖಾನೆಯ ಮ್ಯಾನೇಜರು ಬಂದು ನಿಂತರು.

ಆ ಕಾರ್ಖಾನೆ ಊರಾಚೆ ಇತ್ತು. ದ್ರಾಕ್ಷಿ ನಮ್ಮ ಕಡೆಯದೇ, ಬಾಟಲಿ ನಮ್ಮ ದೇಶದ್ದೇ, ಆದರೆ ಬಾಟಲಿಯ ಕತ್ತಿಗೆ ತುರುಕುವ ಕಾರ್ಕು ಮಾತ್ರ ಹಡಗಿನಲ್ಲಿ ಬರಬೇಕು. ಅದು ಯಾವುದೋ ದೇಶದ ಮರದ ತೊಗಟೆಯಂತೆ. ಅದಕ್ಕೆ ದಿಲ್ಲಿಯ ಲೈಸೆನ್ಸು, ಮದರಾಸಿನ ಬಂದರು, ಕಸ್ಟಮ್ಸಿನ ಸಹಿ.

"ವೈನು ರೆಡಿ ಇದೆ ಸಾರ್, ಮುಚ್ಚೋಕೆ ಗತಿಯಿಲ್ಲ" ಎಂದರು ಮ್ಯಾನೇಜರು. "ಕಾರ್ಕಿನ ಬದಲು ಪ್ಲಾಸ್ಟಿಕ್ಕಲ್ಲಿ ಬಿರಡೆ ಮಾಡಿಕೊಡ್ತೀರಾ?"

ಯಜಮಾನರು ಎರಡು ನಿಮಿಷ ಕಣ್ಣು ಮುಚ್ಚಿದರು. ಕಣ್ಣು ತೆರೆದು ಹೇಳಿದರು: "ನಾವು ಮಾಡೋದು ಬಿರಡೆ ಅಷ್ಟರೀ. ಒಳಗ ಏನೈತಿ ಅನ್ನೋದು ನಮಗ ಸಂಬಂಧಿಲ್ಲ. ಆದ್ರ ಒಂದ್ ಮಾತು. ಆ ಪದಾರ್ಥ ನಮ್ಮ ಶೆಡ್ಡಿನ ಹೊಸ್ತಿಲು ದಾಟಬಾರ್ದು."

ಮ್ಯಾನೇಜರು ಒಪ್ಪಿದರು. ಮೂರು ಪರೀಕ್ಷೆ ಇಟ್ಟರು. ಬಿರಡೆ ಸೋರಬಾರದು. ಯಾವ ಉಪಕರಣವೂ ಇಲ್ಲದೆ ಬರಿಗೈಯಲ್ಲಿ ತೆಗೆಯಲು ಬರಬೇಕು. ಹುಳಿ ರಸದ ಜೊತೆ ಒಂದು ತಿಂಗಳಿದ್ದರೂ ರಸಕ್ಕೆ ಪ್ಲಾಸ್ಟಿಕ್ ವಾಸನೆ ಹತ್ತಬಾರದು. ಮೂರೂ ಪಾಸಾದರೆ ಇಡೀ ವರ್ಷದ ಆರ್ಡರು.

ಆ ಬಿರಡೆಯ ಅಚ್ಚು ಮಾಡುವುದಕ್ಕೆಂದೇ ನನ್ನನ್ನು ತೆಗೆದುಕೊಂಡದ್ದು. ಯಜಮಾನರು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ್ದರು: "ಆರ್ಡರ್ ಬಂದ್ರ ನೀವು ಪರ್ಮನೆಂಟು. ಬರಲಿಲ್ಲಂದ್ರ ನಿಮ್ಮ ದಾರಿ ನಿಮಗ."

ಮುಚ್ಚುವ ಕೆಲಸ

ಅದೇ ಹೊತ್ತಿಗೆ ಮಾರೇನಹಳ್ಳಿಯಲ್ಲಿ ನನಗೊಂದು ಹೆಣ್ಣು ನೋಡಿದ್ದರು. ಆಗ ಮಾರೇನಹಳ್ಳಿ ಇನ್ನೂ ಹಳ್ಳಿಯೇ. ಮನೆಯ ಹಿಂದೆ ರಾಗಿ ಹೊಲ, ಮುಂದೆ ದನದ ಕೊಟ್ಟಿಗೆ. ಹುಡುಗಿ ಕಾಫಿ ತಂದುಕೊಟ್ಟಳು, ನಾನು ಗಾಬರಿಯಲ್ಲಿ ಅರ್ಧ ಲೋಟ ಪಂಚೆಯ ಮೇಲೆ ಸುರಿದುಕೊಂಡೆ, ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಷ್ಟೇ. ಮದುವೆಯಾದರೆ ಇವಳನ್ನೇ ಎಂದು ನಾನು ಆ ಒದ್ದೆ ಪಂಚೆಯಲ್ಲೇ ನಿರ್ಧಾರ ಮಾಡಿಬಿಟ್ಟೆ.

ಹುಡುಗಿಯ ತಂದೆ ಮಾತ್ರ ನಗಲಿಲ್ಲ. ಜಗಲಿಯ ಮೇಲೆ ಕೂತು ವಿಚಾರಣೆ ಶುರು ಮಾಡಿದರು.

"ಏನ್ ಕೆಲ್ಸ ಮಾಡ್ತೀಯಪ್ಪಾ?"

"ಬಾಟ್ಲಿಗೆ ಮುಚ್ಚಳ ಮಾಡ್ತೀವಿ."

"ಬಾಟ್ಲು ಯಾರ್ ಮಾಡ್ತಾರೆ?"

"ಅದು ಬೇರೆಯವ್ರು."

"ಒಳಗೆ ತುಂಬೋದು?"

"ಅದೂ ಬೇರೆಯವ್ರು."

ಅವರು ಎಲೆಯಡಿಕೆ ಉಗುಳಿ ಬಂದು ಮತ್ತೆ ಕೂತರು. "ಅಂದ್ರೆ ಬಾಟ್ಲು ನಿಮ್ದಲ್ಲ, ಒಳಗಿನ ಪದಾರ್ಥ ನಿಮ್ದಲ್ಲ, ಮುಚ್ಚೋದೊಂದೇ ನಿಮ್ಮ ಕೆಲ್ಸ."

"ಹೌದು."

"ಅದಕ್ಕೆ ಸಂಬಳ ಬೇರೆ ಕೊಡ್ತಾರಾ?"

"ಕೊಡ್ತಾರೆ."

"ಪರ್ಮನೆಂಟಾ?"

ನಾನು ಒದ್ದೆ ಪಂಚೆಯ ಅಂಚು ಹಿಂಡತೊಡಗಿದೆ. ಅವರು ಕೊನೆಯ ಮಾತು ಹೇಳಿದರು: "ಪರ್ಮನೆಂಟು ಅಂತ ಕಾಗ್ದ ತಗೊಂಬಾ, ಆಷಾಢ ಹಿಡಿಯೋಕ್ ಮುಂಚೆ ಲಗ್ನ ಮಾಡಿಕೊಡ್ತೀನಿ. ಇಲ್ಲಾಂದ್ರೆ ಕೆಂಗೇರಿಯಿಂದ ಇನ್ನೊಂದು ಗಂಡು ಬಂದದೆ." ಆಮೇಲೆ ಒಳಗೆ ತಿರುಗಿ ಹೆಂಡತಿಗೆ ಹೇಳಿದ್ದು ನನಗೂ ಕೇಳಿಸಿತು: "ಮುಚ್ಚಿಡೋಕೆ ಸಂಬಳ ಕೊಡ್ತಾರಂತೆ ಕಣೇ. ನಮ್ಮಕ್ಕ ನಲವತ್ತು ವರ್ಷದಿಂದ ಹಾಲಿನ ಪಾತ್ರೆ ಮುಚ್ಚಿಡ್ತಾ ಅವ್ಳೆ, ಒಂದು ಬಿಡಿಗಾಸು ಬಂದಿಲ್ಲ!"

ಕಣ್ಣಿಗೊತ್ತಿಕೊಂಡ ಕಾರ್ಕು

ಬಿರಡೆ ಮಾಡಬೇಕಾದರೆ ಮೊದಲು ನಿಜವಾದ ಕಾರ್ಕು ನೋಡಬೇಕಲ್ಲ. ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಮ್ಯಾನೇಜರು ಒಂದನ್ನು ಬಿಳಿ ಕರವಸ್ತ್ರದಲ್ಲಿ ಸುತ್ತಿ ತಂದರು. ಬಹಳ ಗೌರವದಿಂದ ಕರವಸ್ತ್ರ ಬಿಚ್ಚಿದರು, ಕಾರ್ಕನ್ನು ಮೂಗಿನ ಹತ್ತಿರ ಹಿಡಿದರು, ಕಣ್ಣು ಅರೆ ಮುಚ್ಚಿ ಉಸಿರೆಳೆದರು, ಆಮೇಲೆ ಎರಡೂ ಕೈಯಿಂದ ಯಜಮಾನರ ಕಡೆ ಚಾಚಿದರು. ವೈನು ಕುಡಿಯುವ ಜನ ಹೀಗೇ ಮಾಡುತ್ತಾರಂತೆ.

ಯಜಮಾನರಿಗೆ ಅದೆಲ್ಲ ಗೊತ್ತಿಲ್ಲ. ಬಿಳಿ ವಸ್ತ್ರದಲ್ಲಿ ಸುತ್ತಿ, ಅಷ್ಟು ಭಕ್ತಿಯಿಂದ ಯಾರಾದರೂ ಏನಾದರೂ ಕೊಟ್ಟರೆ ಅವರ ಕೈಗೆ ಒಂದೇ ರೀತಿ ಗೊತ್ತು. ಚಪ್ಪಲಿ ಕಳಚಿದರು. ಬಲಗೈಯ ಕೆಳಗೆ ಎಡಗೈ ಹಿಡಿದರು. ಕಾರ್ಕನ್ನು ತಗೊಂಡು ಎರಡೂ ಕಣ್ಣಿಗೆ ಒತ್ತಿಕೊಂಡರು. ಅವರು ಒತ್ತಿಕೊಂಡ ಮೇಲೆ ನಾವು ಬಿಡುತ್ತೇವೆಯೇ? ಲೇತು ನಡೆಸುವ ನಮ್ಮ ಮೇಸ್ತ್ರಿ ಒತ್ತಿಕೊಂಡರು, ನಾನು ಒತ್ತಿಕೊಂಡೆ, ಹೀಗೆ ಒಂಬತ್ತೂ ಜನರ ಕಣ್ಣು ಸುತ್ತಿಕೊಂಡು ಕಾರ್ಕು ಮತ್ತೆ ಯಜಮಾನರ ಕೈಗೆ ಬಂತು.

"ಭಾಳ ಹಗುರ ಐತಲ್ರಿ" ಎಂದರು ಯಜಮಾನರು. "ಇದರಾಗ ಕೆಂಪು ಬಣ್ಣ ಹೆಂಗ ಬಂತು? ಕುಂಕುಮ ಏನು?"

"ಕುಂಕುಮ ಅಲ್ಲ ಸಾರ್. ನಾಲ್ಕು ವರ್ಷದಿಂದ ವೈನಲ್ಲಿ ನೆನೆದಿದೆಯಲ್ಲ, ಅದಕ್ಕೇ."

ಯಜಮಾನರು ಕಾರ್ಕನ್ನು ನನ್ನ ಕೈಗೆ ಬಿಸಾಕಿ ಶೆಡ್ಡಿನ ಹಿಂದಿನ ನಲ್ಲಿಯ ಕಡೆ ಓಡಿದ ವೇಗವನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಜುಬ್ಬ ಸಮೇತ ನಲ್ಲಿ ಕೆಳಗೆ ಕೂತರು. ತಲೆ ಮೇಲೆ ನೀರು ಧೋ ಎಂದು ಸುರಿಯುತ್ತಿರುವಾಗಲೇ ಅಲ್ಲಿಂದ ಕೂಗಿ ಕೇಳಿದರು: "ಅಳತಿ ತಗೊಂಡ್ರೇನು? ಮತ್ತೊಮ್ಮೆ ತರಸಾಕ ಆಗಂಗಿಲ್ಲ!"

ಬಾಟಲಿಯಲ್ಲಿ ತಿಳಿಸಾರು

ಅಚ್ಚು ತಯಾರಾಯಿತು. ಮೊದಲ ಬಿರಡೆ ಮೆಷಿನ್ನಿನಿಂದ ಬಿದ್ದಾಗ ಇನ್ನೂ ಬಿಸಿಯಿತ್ತು, ಅಂಗೈ ಸುಟ್ಟರೂ ಬಿಡಲಿಲ್ಲ ನಾನು. ಬಿಳೀ ಬಿರಡೆ, ಮೈಸುತ್ತ ನಾಲ್ಕು ಬಳೆ, ಮೇಲೊಂದು ತಲೆ. ಎಷ್ಟು ಮುದ್ದಾಗಿತ್ತೆಂದರೆ ಜೇಬಿನಲ್ಲಿಟ್ಟುಕೊಂಡು ಎಸ್ಟೇಟಿನ ಪಕ್ಕದ ಶೆಡ್ಡುಗಳಿಗೆಲ್ಲ ತೋರಿಸಿ ಬಂದೆ.

ಈಗ ಸೋರುತ್ತದೋ ಇಲ್ಲವೋ ನೋಡಬೇಕು. ನೀರಿನಲ್ಲಿ ಪಾಸಾಯಿತು. ಮ್ಯಾನೇಜರು, "ನೀರಲ್ಲ, ಹುಳಿ ಪದಾರ್ಥ ಹಾಕಿ ನೋಡಿ" ಎಂದು ಹೇಳಿ ಕಳಿಸಿದರು. ಒಂದು ಡಜನ್ ಖಾಲಿ ವೈನ್ ಬಾಟಲಿಗಳನ್ನೂ ಕಳಿಸಿದರು, ಬಣ್ಣದ ಲೇಬಲ್ ಸಮೇತ.

ಹುಳಿ ಎಂದರೆ ಯಜಮಾನರಿಗೆ ಗೊತ್ತಿದ್ದದ್ದು ಒಂದೇ. ಮನೆಯಿಂದ ಅಮ್ಮಾವ್ರು, ಅಂದರೆ ಯಜಮಾನರ ಹೆಂಡತಿ, ಬೆಳಿಗ್ಗೆಯೇ ದೊಡ್ಡ ಪಾತ್ರೆ ತುಂಬ ತಿಳಿಸಾರು ಮಾಡಿ ಕಳಿಸಿದರು. ಹುಣಸೆಹಣ್ಣು ಧಾರಾಳ. ಹನ್ನೆರಡು ಬಾಟಲಿಗೂ ಸಾರು ತುಂಬಿ, ಬಿರಡೆ ಜಡಿದು, ಊಟದ ಹೊತ್ತಿನ ತನಕ ತಲೆಕೆಳಗಾಗಿ ನಿಲ್ಲಿಸಿದೆವು. ಒಂದೇ ಒಂದು ಹನಿ ಸೋರಲಿಲ್ಲ! ನಾವೆಲ್ಲ ಕೇಕೆ ಹಾಕಿದೆವು. ಅಷ್ಟು ಒಳ್ಳೆಯ ಸಾರನ್ನು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಡಬ್ಬಿಯ ಅನ್ನ ಬಿಚ್ಚಿ, ನೆಲದ ಮೇಲೆ ಸಾಲಾಗಿ ಕೂತು, ತಲೆಗೊಂದು ಬಾಟಲಿ ಹಿಡಿದು ಸುರಿದುಕೊಂಡು ಉಣ್ಣತೊಡಗಿದೆವು.

ಹುಡುಗನ ಕಾರ್ಖಾನೆ ಹೇಗಿದೆ, ಒಂದು ಸಲ ಹೇಳದೆ ಕೇಳದೆ ಹೋಗಿ ನೋಡಿಬರೋಣ ಎಂದು ನನ್ನ ಭಾವೀ ಮಾವನವರು ಸೊಪ್ಪಿನ ಕಂತೆ ಹಿಡಿದುಕೊಂಡು ಬಂದದ್ದು ಆಗಲೇ.

ಬಾಗಿಲಲ್ಲೇ ನಿಂತುಬಿಟ್ಟರು. ಒಂಬತ್ತು ಜನ, ಒಂಬತ್ತು ವೈನ್ ಬಾಟಲಿ.

"ಹಗಲು ಹೊತ್ತಲ್ಲೇ!" ಎಂದರು. ಸ್ವಲ್ಪ ತಡೆದು, "ಅದೂ ಅನ್ನಕ್ಕೆ ಕಲಸ್ಕೊಂಡು!"

ನಾನು ಎಂಜಲು ಕೈಯಲ್ಲೇ ಎದ್ದು ಓಡಿದೆ. "ಮಾವ, ಇದು ಸಾರು! ಬರೀ ಸಾರು!"

"ಕುಡ್ದೋರೆಲ್ಲ ಹಿಂಗೇ ಏನಾದ್ರೂ ಒಂದು ಹೇಳೋದು."

"ನೀವೇ ನೋಡಿ ಮಾವ."

ಅವರು ಬಾಟಲಿ ತಗೊಂಡರು. ಲೇಬಲ್ ನೋಡಿದರು. ಮೂಸಿದರು. ಅಂಗೈಗೆ ಸ್ವಲ್ಪ ಸುರಿದುಕೊಂಡು ನೆಕ್ಕಿದರು. "ಇಂಗು ಹಾಕವ್ರೆ" ಎಂದರು ಕೊನೆಗೆ. ಟವೆಲ್ ಹಾಸಿ ನಮ್ಮ ಸಾಲಿನಲ್ಲೇ ಕೂತರು. "ಅನ್ನ ಮಿಕ್ಕಿದ್ರೆ ಇಲ್ಲೂ ಒಂದಿಷ್ಟು ಹಾಕಿ."

ಎರಡು ಸಲ ಅನ್ನ ಹಾಕಿಸಿಕೊಂಡು ತೇಗಿದರು. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಬಹಳ ಕಾಳಜಿಯಿಂದ ಹೇಳಿದರು: "ನೀನು ಕುಡಿಯಲ್ಲ, ಅದು ಸಂತೋಷ ಕಣಪ್ಪಾ. ಆದ್ರೆ ಸಾರನ್ನ ಬಾಟ್ಲಿಗೆ ತುಂಬಿ ಮಾರೋ ಫ್ಯಾಕ್ಟ್ರಿ ಎಷ್ಟು ದಿನ ನಡೀತದೆ? ಮನೇಲಿ ಹೆಂಗಸ್ರು ಮಾಡಲ್ವಾ?"

ನಾಲ್ಕು ಗಂಡಸರು, ಒಂದು ಬಿರಡೆ

ಎರಡನೆಯದು ತೆಗೆಯುವ ಪರೀಕ್ಷೆ. ಅದಕ್ಕೆ ಮ್ಯಾನೇಜರು ಖುದ್ದಾಗಿ ಬಂದರು. ಮುಂದೆಲ್ಲಾದರೂ ಸೋರಿಬಿಟ್ಟರೆ ನನ್ನ ಮದುವೆಯೂ ಅದರ ಜೊತೆ ಸೋರಿಹೋಗುತ್ತದೆ ಎಂಬ ಹೆದರಿಕೆಯಲ್ಲಿ, ಸಾರಿನ ಪರೀಕ್ಷೆ ಆದಮೇಲೆ ನಾನು ಬಿರಡೆಯನ್ನು ಇನ್ನೂ ಒಂದು ಕೂದಲೆಳೆ ದಪ್ಪ ಮಾಡಿದ್ದೆ. ಆ ಕೂದಲೆಳೆ ನಮ್ಮನ್ನು ಆಡಿಸಿತು ನೋಡಿ.

ಮ್ಯಾನೇಜರು ಎಳೆದರು. ಮುಖ ಕೆಂಪಾಯಿತು, ಬಿರಡೆ ಬರಲಿಲ್ಲ. ಮಲ್ಲತ್ತಹಳ್ಳಿಯಿಂದ ದಿನಾ ಸೈಕಲ್ ತುಳಿದು ಬರುವ ನಮ್ಮ ಮೇಸ್ತ್ರಿ, "ಬಿಡಿ ಸಾರ್, ನಮ್ ಕೈಗೆ ಕೊಡಿ" ಎಂದು ಬಾಟಲಿಯನ್ನು ಮಂಡಿಗಳ ಮಧ್ಯೆ ಸಿಕ್ಕಿಸಿಕೊಂಡು ಎಳೆದರು. ಇಲ್ಲ. ಮೇಸ್ತ್ರಿ ಬಾಟಲಿ ತಬ್ಬಿಕೊಂಡರು, ನಾನು ಬಿರಡೆ ಹಿಡಿದೆ, ನನ್ನ ಸೊಂಟ ಮ್ಯಾನೇಜರು ಹಿಡಿದರು. ಯಜಮಾನರು ಸುಮ್ಮನೆ ನೋಡುತ್ತಿದ್ದವರು ತಡೆಯಲಾರದೆ ಜುಬ್ಬದ ತೋಳು ಮಡಚಿ ಮೇಸ್ತ್ರಿಯ ಹಿಂದೆ ಸೇರಿಕೊಂಡರು. ಆ ಕಡೆ ಇಬ್ಬರು, ಈ ಕಡೆ ಇಬ್ಬರು. ಶೆಡ್ಡಿನ ತುಂಬ ಎರಡು ಸುತ್ತು ಬಂದೆವು. ಅಚ್ಚಿಗೆ ಕರಗಿಸಿ ಹಾಕುವ ಪ್ಲಾಸ್ಟಿಕ್ ಕಾಳಿನ ಚೀಲ ಉರುಳಿತು, ನೆಲದ ಮೇಲೆಲ್ಲ ಕಾಳು, ನಾಲ್ವರೂ ಜಾರುತ್ತ ಜಾರುತ್ತ ಎಳೆಯುತ್ತಿದ್ದೇವೆ.

ಅಷ್ಟರಲ್ಲಿ ಅಮ್ಮಾವ್ರು ಊಟದ ಕ್ಯಾರಿಯರ್ ಹಿಡಿದು ಒಳಗೆ ಬಂದರು. "ಏನಿದು ಕುಸ್ತಿ?"

ವಿಷಯ ಹೇಳಿದೆವು. ಕ್ಯಾರಿಯರ್ ಕೆಳಗಿಟ್ಟರು. ಬಾಟಲಿ ತಗೊಂಡರು. ಬಿರಡೆಯ ತಲೆಯ ಮೇಲೆ ಸೆರಗಿನ ತುದಿ ಸುತ್ತಿ ಒಂದು ತಿರುವು ತಿರುವಿದರು. ಟಪ್ ಎಂದು ಕೈಗೆ ಬಂತು.

"ಎಳೀಬಾರ್ದ್ರಿ, ತಿರುವಬೇಕು" ಎಂದರು. "ಮನ್ಯಾಗ ಉಪ್ಪಿನಕಾಯಿ ಭರಣಿ ಮುಚ್ಚಳ ದಿನಾ ಯಾರು ತಗೀತಾರಂತ ತಿಳ್ಕಂಡೀರಿ? ನಿಮ್ಮ ಯಜಮಾನ್ರೇನು?"

ಯಜಮಾನರು ತೋಳು ಇಳಿಸಿಕೊಂಡು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಮ್ಯಾನೇಜರು ಏದುಸಿರು ಬಿಡುತ್ತ ತಮ್ಮ ಪುಸ್ತಕ ತೆಗೆದು ಬರೆದದ್ದನ್ನು ನಾನು ಹಿಂದಿನಿಂದ ಇಣುಕಿ ಓದಿದೆ: "ಎರಡನೆಯ ಪರೀಕ್ಷೆ ಪಾಸ್. ಹೆಂಗಸರು ಸುಲಭವಾಗಿ ತೆಗೆಯಬಹುದು. ಗಂಡಸರಿಗೆ ತರಬೇತಿ ಬೇಕು."

ದಿನಕ್ಕೊಂದು ಡಜನ್ನು

ಉಳಿದದ್ದು ಒಂದೇ ಪರೀಕ್ಷೆ. ಒಂದು ತಿಂಗಳು ರಸ ತುಂಬಿಟ್ಟು ರುಚಿ ನೋಡುವುದು. ಆಷಾಢಕ್ಕೆ ಇನ್ನು ಒಂದೂವರೆ ತಿಂಗಳು ಇತ್ತು. ನಾನು ಬೆರಳೆಣಿಸುತ್ತ ಕೂತೆ.

ಮ್ಯಾನೇಜರು ಎಷ್ಟು ಹೇಳಿದರೂ ಯಜಮಾನರು ವೈನನ್ನು ಒಳಗೆ ಬಿಡಲಿಲ್ಲ. ಕೊನೆಗೆ ದ್ರಾಕ್ಷಿ ಹಣ್ಣಿನ ರಸ ಎಂದು ತೀರ್ಮಾನವಾಯಿತು. "ಚೆನ್ನಾಗಿ ಕುದಿಸಿ, ಆರಿಸಿ, ಆಮೇಲೆ ತುಂಬಿ" ಎಂದು ಮ್ಯಾನೇಜರು ಹೇಳಿಹೋದರು.

"ಕುದಿಸಿದ್ರ ಅದು ಕಷಾಯ ಆಗ್ತದ" ಎಂದರು ಯಜಮಾನರು, ಮ್ಯಾನೇಜರು ಆ ಕಡೆ ಹೋದ ಮೇಲೆ. "ಹಣ್ಣಿನ ರುಚಿ ಕೆಡ್ತದ. ದೇವರಿಗೆ ಕುದಿಸಿದ ಹಣ್ಣು ಏರಿಸ್ತೀವೇನು? ಹಂಗ ಹಸೀ ರಸಾನ ಇರ್ಲಿ."

ಅಮ್ಮಾವ್ರು ಕಪ್ಪು ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹಿಸುಕಿ, ಸೋಸಿ, ಹುಳಿ ಜಾಸ್ತಿ ಎಂದು ಕೈತುಂಬ ಸಕ್ಕರೆ ಸುರಿದು ಕದಡಿ ಕಳಿಸಿದರು. ಮ್ಯಾನೇಜರು ಕಳಿಸಿದ ನಾಲ್ಕು ಡಜನ್ ಬಾಟಲಿ ತುಂಬಿ, ಬಿರಡೆ ಹಾಕಿ, ಕಾದ ತಗಡಿನ ಸೂರಿನ ಕೆಳಗೆ ಹಲಗೆಯ ಮೇಲೆ ಜೋಡಿಸಿದೆವು.

ಪರೀಕ್ಷೆಯ ಕ್ರಮ ಯಜಮಾನರದೇ. ದಿನಾ ಬೆಳಿಗ್ಗೆ ಅಷ್ಟೂ ಬಾಟಲಿಯ ಬಿರಡೆ ತಿರುವಿ ತೆಗೆದು, ಮೂಸಿ, ಮತ್ತೆ ಹಾಕಬೇಕು. ಅದರಲ್ಲಿ ಸರದಿ ಪ್ರಕಾರ ಒಂದು ಡಜನ್ನಿನ ರುಚಿ ನೋಡಬೇಕು, ಬಾಟಲಿಗೊಂದು ಗುಟುಕು. ರುಚಿ ನೋಡುವುದಕ್ಕೆ ಯಾರ ನಾಲಿಗೆಯನ್ನೂ ಅವರು ನಂಬಲಿಲ್ಲ. ಮೇಸ್ತ್ರಿ ಹೊಗೆಸೊಪ್ಪು ಹಾಕುತ್ತಾರೆ, ನಾನು ಬೀಡಿ ಸೇದುತ್ತೇನೆ. ಶುದ್ಧವಾದ ನಾಲಿಗೆ ಅವರದೊಂದೇ. ಅದೂ ಪೂಜೆ ಮುಗಿಸಿ, ತಿಂಡಿ ತಿನ್ನುವ ಮುಂಚೆ, ಖಾಲಿ ಹೊಟ್ಟೆಯಲ್ಲಿ.

ಮೊದಲ ಮೂರು ದಿನ ರುಚಿ ಬರೆದಿಡುವ ಪುಸ್ತಕದಲ್ಲಿ "ಸಿಹಿ" ಎಂದು ಬರೆದರು. ಐದನೆಯ ದಿನ ಬಿರಡೆ ತಿರುವುತ್ತಲೇ ಟಪ್ ಎಂದು ಸದ್ದು ಮಾಡಿ ಕೈಗೆ ಹಾರಿ ಬಂತು.

"ಕೇಳಿದ್ರೇನ್ರಿ?" ಯಜಮಾನರ ಕಣ್ಣು ಅರಳಿತು. "ಒಳಗಿನ ಗಾಳಿನೂ ಹೊರಗ ಬಿಟ್ಟಿಲ್ಲ! ಎಷ್ಟು ಬಿಗಿ ನೋಡ್ರಿ ನಮ್ಮ ಬಿರಡೆ!"

ನಾನು ಕುಣಿದುಬಿಟ್ಟೆ. ಮೇಸ್ತ್ರಿ ಮಾತ್ರ ಮೂಸಿ ನೋಡಿ ಏನೋ ಹೇಳಲು ಬಾಯಿ ತೆರೆದವರು, ಯಜಮಾನರ ಮುಖ ನೋಡಿ ಲೇತಿನ ಕಡೆ ತಿರುಗಿಕೊಂಡರು.

ಭಾನುವಾರ ರಜೆ. ಸೋಮವಾರ ಬೀಗ ತೆಗೆಯುವಾಗ ಒಳಗಿನಿಂದ ಢಣ್ ಎಂದು ಸದ್ದು. ಬಾಗಿಲು ತಳ್ಳಿದರೆ ಹತ್ತು ಹದಿನೈದು ಬಿರಡೆ ನೆಲದ ಮೇಲೆ ಬಿದ್ದಿವೆ. ನಾವು ನೋಡುತ್ತಿದ್ದಂತೆ ಇನ್ನೊಂದು ಹಾರಿ ಸೂರಿನ ತಗಡಿಗೆ ಬಡಿಯಿತು. ನಾನು ಬಿದ್ದ ಬಿರಡೆಗಳನ್ನು ಬಾಚಿಕೊಳ್ಳತೊಡಗಿದೆ. ಯಜಮಾನರು ಧೈರ್ಯ ಹೇಳಿದರು: "ಹೆದರಬ್ಯಾಡ್ರಿ. ನಿನ್ನೆ ಗಾಳಿ ಬಿಟ್ಟಿಲ್ಲಲ್ಲ, ಅದಕ್ಕ. ಇನ್ನು ಭಾನುವಾರನೂ ನಾನ ಬಂದು ರುಚಿ ನೋಡ್ತೀನಿ."

ನೋಡಿದರು. ಭಾನುವಾರವೂ ಬಿಡದೆ ನೋಡಿದರು.

ಎರಡನೆಯ ವಾರ ಪುಸ್ತಕದಲ್ಲಿ "ಭಾಳ ಛಲೋ ಆಗೈತಿ" ಎಂದು ಬಂತು. ಅಕ್ಷರ ಸ್ವಲ್ಪ ವಾಲಿತ್ತು. ಮೂರನೆಯ ವಾರ ನಮ್ಮ ಯಜಮಾನರು ನಕ್ಕರು! ಮೊದಲ ದಿನ ನಾವು ಯಾರೂ ನಂಬಲಿಲ್ಲ. ಆಮೇಲೆ ದಿನಾ ನಗತೊಡಗಿದರು. ಮೆಷಿನ್ನಿನ ತಾಳಕ್ಕೆ ಸರಿಯಾಗಿ ವಚನ ಹಾಡಿದರು. ಲೇತಿನ ಮೇಲೆ ಮೇಸ್ತ್ರಿಗೊಂದು ಫ್ಯಾನು ಹಾಕಿಸಿದರು, ಹನ್ನೆರಡು ವರ್ಷದಿಂದ ಕೇಳುತ್ತಿದ್ದ ಫ್ಯಾನು. ರಜೆ ಕೇಳಿದವರಿಗೆ ರಜೆ, ಕೇಳದವರಿಗೂ ರಜೆ. ಒಂದು ದಿನ ಹತ್ತು ಗಂಟೆಯ ಸುಮಾರಿಗೆ ನನ್ನನ್ನು ಕರೆದು ತಬ್ಬಿಕೊಂಡರು. "ನಿಮ್ಮ ಕೈಯಾಗ ಶಿವ ಅದಾನ್ರಿ!" ಎಂದು ಕಣ್ಣೀರು ಒರೆಸಿಕೊಂಡು, ತಾವೇ ಕೂತು ಕೈಯಲ್ಲೇ ಬರೆದು, ಸೀಲು ಹೊಡೆದು, ಕಾಗದ ಕೊಟ್ಟರು. ನೋಡುತ್ತೇನೆ, ಪರ್ಮನೆಂಟ್ ಆರ್ಡರು! ಸೀಲನ್ನು ಮೂರು ಸಲ ಹೊಡೆದಿದ್ದರು, ಅದರಲ್ಲಿ ಒಂದು ತಲೆಕೆಳಗಾಗಿತ್ತು.

ನಾನು ಊಟ ಕೂಡ ಮಾಡಲಿಲ್ಲ. ವಿಜಯನಗರದ ತನಕ ಬಸ್ಸು, ಅಲ್ಲಿಂದ ಮಾರೇನಹಳ್ಳಿಗೆ ಓಟ. ಮಾವನವರು ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದರು, ಮೂರು ಸೀಲು ಕಂಡು ಬಹಳ ಸಂತೋಷಪಟ್ಟರು. ಅದೇ ವಾರ ಲಗ್ನಪತ್ರಿಕೆ ಬರೆಸಿದ್ದಾಯಿತು.

ತಿಂಗಳು ತುಂಬಿದ ದಿನ ಮ್ಯಾನೇಜರು ಬಂದರು. ಯಜಮಾನರು ಆಗಲೇ ಆ ದಿನದ ಡಜನ್ ಮುಗಿಸಿ ಹಸನ್ಮುಖಿಯಾಗಿ ಕೂತಿದ್ದರು. ಮ್ಯಾನೇಜರು ಬಿರಡೆ ತಿರುವಿದರು. ಟಪ್. ಮೂಸಿದರು. ಅವರ ಹುಬ್ಬು ಮೇಲೇರಿತು. ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದರು. ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದರು. ಲೋಟ ಖಾಲಿ ಮಾಡಿದರು.

"ಇದನ್ನ ಎಲ್ಲಿಂದ ತಂದ್ರಿ ಸಾರ್?"

"ತರೋದೇನ್ರಿ? ನಮ್ಮ ಮನಿಯವರು ಹಿಂಡಿದ ರಸ. ಭಾಳ ಛಲೋ ಆಗೈತಿ, ಹೌದಲ್ಲ?"

"ಕುದಿಸಿದ್ರಾ?"

"ಇಲ್ರಿ. ಹಸೀ ರಸ."

"ಸಕ್ಕರೆ?"

"ಧಾರಾಳ."

ಮ್ಯಾನೇಜರು ಲೋಟ ಕೆಳಗಿಟ್ಟರು. "ಸಾರ್, ಸಿಪ್ಪೆ ಸಮೇತ ಹಿಸುಕಿ, ಸಕ್ಕರೆ ಹಾಕಿ, ಕುದಿಸದೆ ಈ ಸೆಕೆಯಲ್ಲಿ ಮುಚ್ಚಿಟ್ರೆ ದ್ರಾಕ್ಷಿ ರಸ ರಸವಾಗಿ ಉಳಿಯಲ್ಲ. ಇದು ವೈನು. ನಮ್ಮಲ್ಲಿ ನಾವು ಮಾಡೋದೂ ಇದನ್ನೇ."

ಶೆಡ್ಡಿನಲ್ಲಿ ಮೆಷಿನ್ನುಗಳು ನಿಂತವು. ಯಜಮಾನರು ಹಲಗೆಯ ಮೇಲೆ ಅರ್ಧಕ್ಕಿಳಿದ ಬಾಟಲಿಗಳನ್ನು ನೋಡಿದರು. ಪುಸ್ತಕ ನೋಡಿದರು. ಅವರ ಮುಖದ ನಗು ಮೆಲ್ಲಗೆ ಇಳಿಯಿತು. ಮೇಸ್ತ್ರಿಯ ಕಡೆ ತಿರುಗಿದರು.

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು ಸಾರ್" ಎಂದರು ಮೇಸ್ತ್ರಿ, ನೆಲ ನೋಡುತ್ತ. "ಹನ್ನೆರಡು ವರ್ಷದಲ್ಲಿ ನೀವು ನಕ್ಕಿದ್ದು ಇದೇ ಮೊದಲು. ಕೆಡಿಸೋಕೆ ಮನಸ್ಸು ಬರ್ಲಿಲ್ಲ."

ಯಜಮಾನರು ನಲ್ಲಿಯ ಕಡೆ ನಡೆದರು. ಈ ಸಲ ಓಡುವ ಸ್ಥಿತಿಯಲ್ಲಿ ಇರಲಿಲ್ಲ.

ಮ್ಯಾನೇಜರು ಬಿರಡೆಯನ್ನು ಬಾಯಿತುಂಬ ಹೊಗಳಿದರು. ಪ್ಲಾಸ್ಟಿಕ್ ವಾಸನೆ ಎಳ್ಳಷ್ಟೂ ಇಲ್ಲ ಎಂದರು. ಆಮೇಲೆ ಗಂಟಲು ಸರಿ ಮಾಡಿಕೊಂಡು ಹೇಳಿದರು: ಕಾರ್ಕಿನ ಹಡಗು ಮೊನ್ನೆ ಮದರಾಸಿಗೆ ಬಂದು ಮುಟ್ಟಿದೆಯಂತೆ. ಸದ್ಯಕ್ಕೆ ಸಣ್ಣ ಬಾಟಲಿಗಳಿಗೆ ಮಾತ್ರ ನಮ್ಮ ಬಿರಡೆ ಸಾಕಂತೆ, ವರ್ಷದ ಆರ್ಡರು ಮುಂದೆ ನೋಡೋಣವಂತೆ.

ಮಾರೇನಹಳ್ಳಿಯಲ್ಲಿ ಆಗಲೇ ಚಪ್ಪರದ ಗಳ ತರಿಸಿದ್ದರು.

ಸ್ವಲ್ಪ ಹೊತ್ತಿಗೆ ಯಜಮಾನರು ನನ್ನನ್ನು ಕರೆಸಿದರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಹಣೆಯ ಮೇಲೆ ಹೊಸ ವಿಭೂತಿ, ಮುಖದಲ್ಲಿ ಹಳೆಯ ಬಿಗುವು. ಪಕ್ಕದಲ್ಲಿ ಕ್ಯಾರಿಯರ್ ಹಿಡಿದು ಅಮ್ಮಾವ್ರು ನಿಂತಿದ್ದರು.

"ಆ ಕಾಗದ ಕೊಡ್ರಿ ಇಲ್ಲೆ" ಎಂದರು. "ವರ್ಷದ ಆರ್ಡರ್ ಬರಲಿಲ್ಲ. ಕಾಗದ ರದ್ದು ಮಾಡಬೇಕು."

ಜೇಬಿನಿಂದ ತೆಗೆದು ಕೊಟ್ಟೆ. ಅವರು ಪೆನ್ನು ತೆಗೆದು "ಈ ಆದೇಶವನ್ನು ರದ್ದು ಮಾಡಲಾಗಿದೆ, ಕಾರಣ" ಎಂದು ಬರೆದರು. ಪೆನ್ನು ನಿಂತಿತು.

"ಆರ್ಡರ್ ಬಂದಿಲ್ಲ ಅಂತ ಬರೀತೀನಿ" ಎಂದರು.

"ಕೊಟ್ಟ ದಿನಾನೂ ಬಂದಿರಲಿಲ್ಲಲ್ರಿ" ಎಂದರು ಅಮ್ಮಾವ್ರು. "ಮತ್ತ ಯಾಕ ಕೊಟ್ರಿ ಅಂತ ಕೇಳ್ತಾರ."

"ಕೈತಪ್ಪಿ ಬರೆದೆ ಅಂತೀನಿ."

"ಒಂದಿಡೀ ಹಾಳಿ ಕೈತಪ್ಪಿ ಬರೀತಾರೇನು? ಮೂರು ಸೀಲು ಬ್ಯಾರೆ ಹೊಡದೀರಿ. ಖರೇ ಬರೀರಿ. 'ಆ ದಿನ ಬೆಳಿಗ್ಗೆ ನಾನು ಹನ್ನೆರಡು ಬಾಟಲಿ ರುಚಿ ನೋಡಿ ಅಮಲಿನಾಗಿದ್ದೆ' ಅಂತ ಬರೀರಿ. ಒಂದು ಪ್ರತಿ ಫೈಲಿಗೆ, ಒಂದು ಪ್ರತಿ ಲೇಬರ್ ಆಫೀಸಿಗೆ, ಒಂದು ಹುಡುಗಿ ಅಪ್ಪಗ."

ಯಜಮಾನರು ಪೆನ್ನಿನ ಮುಚ್ಚಳ ಹಾಕಿದರು. ತಾವು ಬರೆದ ಆ ಒಂದು ಸಾಲನ್ನು ಬಹಳ ಜಾಗರೂಕತೆಯಿಂದ ಹೊಡೆದುಹಾಕಿ, ಕಾಗದವನ್ನು ನಾಲ್ಕು ಮಡಿಕೆ ಮಡಚಿ ನನ್ನ ಜೇಬಿಗೆ ತಾವೇ ಇಟ್ಟರು. ನಾನು ಅಲ್ಲೇ ಬಗ್ಗಿ ಇಬ್ಬರ ಕಾಲಿಗೂ ಬಿದ್ದೆ. ಸಂತೋಷದಲ್ಲಿ ಮೇಲೇಳುವುದೇ ಮರೆತುಹೋಯಿತು.

"ಏಳ್ರಿ, ಏಳ್ರಿ. ನಿಮ್ಮ ಲಗ್ನಕ್ಕ ನಾವಿಬ್ಬರೂ ಬರ್ತೀವಿ" ಎಂದರು ಯಜಮಾನರು. ಆಮೇಲೆ ಆ ಕಡೆ ಈ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು. "ಆದ್ರ ನಿಮ್ಮ ಮಾವನವರಿಗೆ ಒಂದ್ ಮಾತು ಹೇಳಿ ಇಡ್ರಿ. ಪಾನಕ ಮಾತ್ರ ಅವತ್ತಿಂದ ಅವತ್ತ ಮಾಡಿದ್ದಿರ್ಲಿ."